ಕೂಸಿನ ಚರ್ಮ: ನಮ್ಮ ಕಡೆಯ ಬಿಸಿಲಲ್ಲಿ ಮೊದಲ 40 ದಿನ

ಹುಟ್ಟಿದ ಎರಡು ಮೂರು ದಿನಕ್ಕೆ ಕೂಸಿನ ಮೈಮೇಲೆ ಕೆಂಪು ಗುಳ್ಳೆ ಏಳುತ್ತವೆ. ನೋಡಲು ಬಂದವರು ದೃಷ್ಟಿ ತಾಗಿದೆ ಎನ್ನುತ್ತಾರೆ, ಪಕ್ಕದವರು ಬಾಣಂತಿ ಏನೋ ತಿಂದಿದ್ದಾಳೆ ಎನ್ನುತ್ತಾರೆ, ಅಷ್ಟರೊಳಗೆ ಯಾರೋ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದಿರುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಬಾಣಂತನದ ಮನೆಗಳಲ್ಲಿ ಇದು ದಿನನಿತ್ಯ ನಡೆಯುವ ಮಾತು. ಎಳೆಗೂಸಿನ ಚರ್ಮದ ಮೇಲೆ ಕಾಣುವ ಗುಳ್ಳೆ, ಕಲೆ, ಸಿಪ್ಪೆಗಳಲ್ಲಿ ಬಹುಪಾಲು ಏನೂ ಹಚ್ಚದಿದ್ದರೂ ತಾವಾಗಿಯೇ ಹೋಗುತ್ತವೆ. ತೊಂದರೆ ಶುರುವಾಗುವುದು ಹೆಚ್ಚಾಗಿ ನಾವು ಹಚ್ಚಿದ್ದರಿಂದ, ತಿಕ್ಕಿದ್ದರಿಂದ, ಹೊದಿಸಿದ್ದರಿಂದ. ಇನ್ನು ಆಸ್ಪತ್ರೆಗೆ ಓಡಲೇಬೇಕಾದ ಗುರುತುಗಳು ಕೆಲವೇ ಕೆಲವು, ಅವನ್ನು ಮಾತ್ರ ಮನೆಯಲ್ಲಿ ಎಲ್ಲರೂ ತಿಳಿದಿರಬೇಕು. ಹುಟ್ಟಿದ ದಿನದಿಂದ ಒಂದೊಂದಾಗಿ ನೋಡೋಣ.

ಮೊದಲ ದಿನ ಎರೆಯಬೇಡಿ

ಹುಟ್ಟಿದ ಕೂಸಿನ ಮೈಗೆ ಬೆಳ್ಳನೆಯ ಜಿಡ್ಡು ಅಂಟಿರುತ್ತದೆ. ಅದು ಹೊಲಸಲ್ಲ. ವರ್ನಿಕ್ಸ್ ಎಂಬ ಈ ಜಿಡ್ಡು ಚರ್ಮ ಒಣಗದಂತೆ, ಸೋಂಕು ತಗಲದಂತೆ ಕಾಯುತ್ತದೆ. ರಕ್ತ, ನೀರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಜಿಡ್ಡನ್ನು ಹಾಗೆಯೇ ಬಿಡಿ. ಒಂದೆರಡು ದಿನದಲ್ಲಿ ಅದು ಚರ್ಮದೊಳಗೆ ಇಂಗುತ್ತದೆ. ಮೊದಲ ಸ್ನಾನ ಕನಿಷ್ಠ 24 ಗಂಟೆ ಕಳೆದ ಮೇಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಈ ಮಾತು ಬದಲಾಗುವುದಿಲ್ಲ, ಏಕೆಂದರೆ ಒದ್ದೆ ಮೈಯ ಎಳೆಗೂಸು ಫ್ಯಾನಿನ ಕೆಳಗೆ ನಾವು ಎಣಿಸಿದ್ದಕ್ಕಿಂತ ಬೇಗ ತಣ್ಣಗಾಗುತ್ತದೆ.

ಕೂಸಿನ ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ವೈದ್ಯರು ಹೇಳುವವರೆಗೆ ಎರೆಯುವುದೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಂಥ ಕೂಸನ್ನು ತಾಯಿ ತನ್ನ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡಿರಬೇಕು. ಆಸ್ಪತ್ರೆಯಲ್ಲಿ ಕಾಂಗರೂ ಆರೈಕೆ ಎಂದು ಹೇಳಿಕೊಡುವುದು ಇದನ್ನೇ. ತಾಯಿಗೆ ದಣಿವಾದರೆ ತಂದೆಯೂ ಅಜ್ಜಿಯೂ ಹೀಗೆ ಅಪ್ಪಿಕೊಂಡು ಕೂರಬಹುದು.

ಎರೆಯುವ ಕ್ರಮ

ನಮ್ಮ ಕಡೆ ಕೂಸಿಗೆ ಎರೆಯಲು ಅನುಭವಸ್ಥ ಅಜ್ಜಿ ಬರುತ್ತಾಳೆ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ ಕುಳಿತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಒಂದು ಕೈಯಲ್ಲಿ ಕತ್ತು ಹಿಡಿದು ಇನ್ನೊಂದು ಕೈಯಲ್ಲಿ ತಂಬಿಗೆ ನೀರು ಹೊಯ್ಯುತ್ತಾಳೆ. ಕೂಸು ಜಾರದಂತೆ ಹಿಡಿಯುವ ಆ ಕೈಯ ಹದವನ್ನು ಹೊಸ ತಾಯಂದಿರು ಕಲಿಯಲೇಬೇಕು. ಅಜ್ಜಿಯನ್ನು ಬಿಡಿಸಬೇಕಿಲ್ಲ, ಅವಳು ಮಾಡುವುದರಲ್ಲಿ ನಾಲ್ಕೈದು ಮಾತ್ರ ಬಿಡಿಸಬೇಕು.

ಮೊದಲನೆಯದು ನೀರಿನ ಬಿಸಿ. "ಬಿಸಿ ಬಿಸಿ ಎರದ್ರ ಕೂಸು ಚೊಲೊ ಮಲಗತೈತಿ" ಎನ್ನುತ್ತಾರೆ. ದೊಡ್ಡವರ ಅಂಗೈಗೆ ಹಿತವೆನಿಸುವ ನೀರು ಕೂಸಿಗೆ ಸುಡುತ್ತದೆ, ಏಕೆಂದರೆ ದುಡಿದ ಅಂಗೈ ಗಡುಸಾಗಿರುತ್ತದೆ. ಮೊಣಕೈಯನ್ನು ನೀರಿಗೆ ಅದ್ದಿ ನೋಡಿ. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಅಳತೆ ಬೇಕೆಂದರೆ 37ರಿಂದ 38 ಡಿಗ್ರಿ. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಎರೆಯುತ್ತಿರುವಾಗ ನಡುವೆ ಬಿಸಿನೀರು ಬೆರೆಸುವುದು ಬೇಡ.

ಎರಡನೆಯದು ತಿಕ್ಕುವುದು. ಕಡಲೆಹಿಟ್ಟು, ಅರಿಶಿನ, ಹಿಟ್ಟಿನ ಉಂಡೆಯಿಂದ ಮೈಕೂದಲು ತೆಗೆಯುವುದು, ಇವೆಲ್ಲ ಕೂಸು ಬೆಳ್ಳಗಾಗಲಿ ಎಂಬ ಆಸೆಯಿಂದ ಬಂದವು. ಬಣ್ಣ ಹುಟ್ಟಿನಿಂದ ಬಂದದ್ದು, ತಿಕ್ಕಿದರೆ ಬದಲಾಗದು. ಭುಜ, ಬೆನ್ನಿನ ಮೇಲಿನ ನವಿರು ಕೂದಲು ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ಎಳೆಯ ಚರ್ಮ ದೊಡ್ಡವರದ್ದಕ್ಕಿಂತ ತೆಳ್ಳಗೆ. ಹಿಟ್ಟಿನ ತರಿ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಮಾಡುತ್ತದೆ, ಕೀವುಗುಳ್ಳೆ ಏಳುವುದು ಅಲ್ಲಿಂದಲೇ. ಕಪ್ಪು ಕೂಸು ಹುಟ್ಟಿತೆಂದು ಕೊರಗುವ ಮನೆಗಳನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಆ ಕೊರಗಿನ ಪೆಟ್ಟು ಬೀಳುವುದು ಕೂಸಿನ ಮೈಮೇಲೆ.

ಮೂರನೆಯದನ್ನು ಹೇಳಲು ಸಂಕೋಚ ಬೇಡ. ಹುಟ್ಟಿದ ಕೂಸಿನ ಮೊಲೆ, ಗಂಡಾಗಲಿ ಹೆಣ್ಣಾಗಲಿ, ತುಸು ಉಬ್ಬಿರಬಹುದು, ಹನಿ ಹಾಲೂ ಜಿನುಗಬಹುದು. ತಾಯಿಯ ಹಾರ್ಮೋನು ಕೂಸಿನ ಮೈಯಲ್ಲಿ ಇನ್ನೂ ಉಳಿದಿರುವುದರಿಂದ ಹಾಗಾಗುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಎರೆಯುವಾಗ ಅದನ್ನು ಹಿಂಡುವ ರೂಢಿ ಇದೆ. ಹಿಂಡಿದರೆ ಒಳಗೆ ಕೀವು ತುಂಬಿ ಬಾವು ಬರುತ್ತದೆ, ಕೊಯ್ಯಬೇಕಾಗುವುದೂ ಉಂಟು. ಮುಟ್ಟಬೇಡಿ.

ಮೂಗು ಕಿವಿಗೆ ಎಣ್ಣೆ ಬಿಡುವುದು, ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಹಿಡಿಸುವುದು, ಕಣ್ಣಿಗೆ ಕಾಡಿಗೆ, ಇವನ್ನೂ ಬಿಡಿ. ಹೊಗೆ ಪುಪ್ಪುಸಕ್ಕೆ ಹೋಗುತ್ತದೆ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿಬೊಟ್ಟು ಇಡಲೇಬೇಕೆಂದು ಅತ್ತೆ ಪಟ್ಟು ಹಿಡಿದರೆ ಅಂಗಾಲಿಗೆ ಇಡಿಸಿ, ಕೂಸಿನ ಕೈ ಬಾಯಿಗೆ ಹೋದರೂ ತೊಂದರೆಯಿಲ್ಲ, ಮನೆಯಲ್ಲಿ ಜಗಳವೂ ಇಲ್ಲ. "ಅಜ್ಜಿ, ಡಾಕ್ಟ್ರು ಇದೊಂದು ಬ್ಯಾಡ ಅಂದಾರ, ಉಳಿದದ್ದು ನೀನ ಮಾಡು" ಎಂದು ಸಮಾಧಾನವಾಗಿ ಹೇಳಿದರೆ ಒಪ್ಪದ ಅಜ್ಜಿಯರು ಕಡಿಮೆ.

ಸ್ನಾನ ಐದರಿಂದ ಹತ್ತು ನಿಮಿಷದೊಳಗೆ ಮುಗಿಯಲಿ. ವಾರಕ್ಕೆ ಎರಡು ಮೂರು ಸಲ ಎರೆದರೂ ಸಾಕು, ಬೇಸಿಗೆಯಲ್ಲಿ ದಿನವೂ ಎರೆಯಬಹುದು, ಆದರೆ ಸೋಪು ದಿನವೂ ಬೇಡ. ಕಂಕುಳು, ತೊಡೆಸಂದು, ಕುಂಡೆಗೆ ಮಾತ್ರ ಪರಿಮಳವಿಲ್ಲದ ಮೆತ್ತನೆಯ ಸೋಪು ಸಾಕು. ನಮ್ಮಲ್ಲಿ ಅನೇಕ ಊರುಗಳ ಬೋರಿನ ನೀರು ಸವಳು, ಸೋಪು ನೊರೆ ಬರುವುದಿಲ್ಲ, ಮೈಯಿಂದ ಸರಿಯಾಗಿ ಹೋಗುವುದೂ ಇಲ್ಲ. ಉಳಿದ ಸೋಪು ಚರ್ಮವನ್ನು ಒಣಗಿಸಿ ಕೆರೆತ ತರುತ್ತದೆ. ಕುಡಿಯಲು ತರುವ ಸಿಹಿನೀರಿನಲ್ಲಿ ಎರಡು ತಂಬಿಗೆ ತೆಗೆದಿಟ್ಟು ಕೊನೆಗೆ ಅದನ್ನು ಹೊಯ್ಯಿರಿ. ಒರೆಸುವಾಗ ಉಜ್ಜಬೇಡಿ, ಬಟ್ಟೆ ಒತ್ತಿ ನೀರು ತೆಗೆಯಿರಿ. ಕತ್ತಿನ ಮಡಿಕೆ, ಕಿವಿಯ ಹಿಂದೆ, ಕಂಕುಳು, ತೊಡೆಯ ಗೆರೆ ಇವನ್ನು ಬಿಡಿಸಿ ಒರೆಸಿ. ಹಾಲು ಇಳಿದು ಕತ್ತಿನ ಮಡಿಕೆಯಲ್ಲಿ ಕೂತು ಹುಣ್ಣಾದ ಕೂಸುಗಳು ನಮ್ಮಲ್ಲಿ ಬಹಳ.

ಎಣ್ಣೆ ಹಚ್ಚುವುದು

ಎಣ್ಣೆ ತೀಡುವುದು ಒಳ್ಳೆಯ ರೂಢಿಯೇ. ಶುದ್ಧ ಕೊಬ್ಬರಿ ಎಣ್ಣೆ ಸಾಕು, ಎರೆಯುವುದಕ್ಕೆ ಮೊದಲು ಹಗುರವಾದ ಕೈಯಲ್ಲಿ ತೀಡಿ. ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಎಳೆಯ ಚರ್ಮದ ಮೇಲ್ಪದರವನ್ನು ಸಡಿಲಗೊಳಿಸುತ್ತವೆ ಎಂದು ತಿಳಿದುಬಂದಿದೆ, ಅವು ಬೇಡ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ ಹಚ್ಚುವುದನ್ನು ಖಂಡಿತ ನಿಲ್ಲಿಸಿ. ಕರ್ಪೂರ ಚರ್ಮದಿಂದಲೇ ರಕ್ತಕ್ಕೆ ಸೇರಿ ಎಳೆಗೂಸಿಗೆ ಫಿಟ್ಸ್ ತರಬಲ್ಲದು.

ಮಾರ್ಚ್‌ನಿಂದ ಮೇ ಕೊನೆಯವರೆಗೆ ಎಣ್ಣೆ ಕಡಿಮೆ ಮಾಡಿ, ಹಚ್ಚಿದ್ದನ್ನು ಪೂರ್ತಿ ತೊಳೆಯಿರಿ. ಎರೆದ ಮೇಲೆ ಮತ್ತೆ ಮೈತುಂಬ ಎಣ್ಣೆ ಸವರಿ ಬಟ್ಟೆ ಸುತ್ತಿದರೆ ಬೆವರಿನ ರಂಧ್ರ ಮುಚ್ಚಿ ಗುಳ್ಳೆ ಏಳುತ್ತವೆ. ನೆತ್ತಿಗೆ ಹರಳೆಣ್ಣೆ ಒತ್ತುವವರು ಗಮನಿಸಿ, ನೆತ್ತಿಯ ಮೆತ್ತನೆಯ ಜಾಗ ಎಣ್ಣೆಯಿಂದ ಗಟ್ಟಿಯಾಗುವುದಿಲ್ಲ, ಮೂಳೆ ಬೆಳೆದು ಒಂದೂವರೆ ವರ್ಷದ ಹೊತ್ತಿಗೆ ತಾನೇ ಮುಚ್ಚುತ್ತದೆ. ತಲೆಯ ಮೇಲೆ ಹಳದಿ ಹಕ್ಕಳೆ ಕಟ್ಟಿದ್ದರೆ ಮಾತ್ರ ಎಣ್ಣೆಗೆ ಕೆಲಸ ಇದೆ. ಸ್ವಲ್ಪ ಸವರಿ, ಅರ್ಧ ಗಂಟೆ ಬಿಟ್ಟು, ಮೆತ್ತನೆಯ ಬ್ರಶ್‌ನಿಂದ ಸಡಿಲಿಸಿ ತೊಳೆಯಿರಿ. ಉಗುರಿನಿಂದ ಕೀಳಬೇಡಿ.

ಹೊಕ್ಕಳು

ಏನೂ ಹಚ್ಚಬೇಡಿ. ಬೂದಿ, ಅರಿಶಿನ, ಸಗಣಿ, ಎಣ್ಣೆ, ಪೌಡರು ಯಾವುದೂ ಬೇಡ. ಲಂಗೋಟಿಯನ್ನು ಹೊಕ್ಕಳಿಗಿಂತ ಕೆಳಗೆ ಕಟ್ಟಿ, ಗಾಳಿಗೆ ಬಿಡಿ. ಸುಮಾರು ಐದರಿಂದ ಹದಿನೈದು ದಿನದಲ್ಲಿ ಬಳ್ಳಿ ಒಣಗಿ ಬೀಳುತ್ತದೆ. ಭಾರತದಲ್ಲಿ ತಾಯಿ ಮತ್ತು ಎಳೆಗೂಸಿನ ಧನುರ್ವಾಯು ನಿರ್ಮೂಲನೆಯಾಗಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಆದರೆ ಆ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಈಗಲೂ ಇದೆ. ಹೊಕ್ಕಳ ಸುತ್ತ ಕೆಂಪಾದರೆ, ಕೀವು ಬಂದರೆ, ವಾಸನೆ ಬಂದರೆ ಅದೇ ದಿನ ಆಸ್ಪತ್ರೆಗೆ.

ಸುಮ್ಮನೆ ಬಿಡಬೇಕಾದ ಗುಳ್ಳೆ, ಕಲೆಗಳು

ಕೆಂಪು ಮಚ್ಚೆಯ ನಡುವೆ ಬಿಳಿ ಅಥವಾ ಹಳದಿ ಮೊನೆಯಿರುವ ಗುಳ್ಳೆಗಳು ದಿನ ತುಂಬಿ ಹುಟ್ಟಿದ ಕೂಸುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಬರುತ್ತವೆ. ಇಂದು ಎದೆಯ ಮೇಲೆ, ನಾಳೆ ಬೆನ್ನಿನ ಮೇಲೆ, ಹೀಗೆ ಜಾಗ ಬದಲಿಸುತ್ತವೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಒಂದೆರಡು ವಾರದೊಳಗೆ ಮಾಯವಾಗುತ್ತವೆ. ದೃಷ್ಟಿಗೂ ಬಾಣಂತಿಯ ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಬದನೆಕಾಯಿ, ಬೇಳೆ, ಹಸಿ ತರಕಾರಿ ಎಲ್ಲ ನಿಲ್ಲಿಸಿ ಬಾಣಂತಿಗೆ ಬರೀ ಅನ್ನ, ಬೆಳ್ಳುಳ್ಳಿ ಖಾರ ಹಾಕುವುದು ಅನ್ಯಾಯ. ಹಾಲು ಬರಲು ಅವಳಿಗೆ ತುಂಬ ಊಟ ಬೇಕು.

ಮೂಗು, ಗಲ್ಲದ ಮೇಲೆ ಬಿಳಿ ಚುಕ್ಕೆಗಳು, ಮೊದಲ ಎರಡು ವಾರ ಕೈಕಾಲಿನ ಸಿಪ್ಪೆ ಏಳುವುದು, ವಾರ ಮೂರರ ಹೊತ್ತಿಗೆ ಕೆನ್ನೆಯ ಮೇಲಿನ ಮೊಡವೆ, ಎಲ್ಲಕ್ಕೂ ಒಂದೇ ಮದ್ದು: ಹಿಂಡದೆ, ಹಚ್ಚದೆ ಬಿಡುವುದು.

ಸೊಂಟ, ಕುಂಡೆಯ ಮೇಲಿನ ನೀಲಿ ಕಲೆ ನಮ್ಮ ಜನರಲ್ಲಿ ತೀರಾ ಸಾಮಾನ್ಯ. ಪೆಟ್ಟು ಬಿದ್ದದ್ದಲ್ಲ, ನೋಯುವುದಿಲ್ಲ, ಸಾಮಾನ್ಯವಾಗಿ ಶಾಲೆಗೆ ಹೋಗುವ ಹೊತ್ತಿಗೆ ಮಾಸುತ್ತದೆ. ಕತ್ತಿನ ಹಿಂದೆ, ಹಣೆಯ ಮೇಲೆ ಕೂಸು ಅತ್ತಾಗ ಕೆಂಪೇರುವ ಮಚ್ಚೆಯಿಂದಲೂ ತೊಂದರೆಯಿಲ್ಲ. ಉಬ್ಬಿದ ಕೆಂಪು ಮಚ್ಚೆಯೊಂದು ಮೊದಲ ಕೆಲವು ತಿಂಗಳು ಬೆಳೆದು ಆಮೇಲೆ ವರ್ಷಗಳಲ್ಲಿ ಕುಗ್ಗುತ್ತದೆ. ಅದು ಕಣ್ಣು, ಮೂಗು, ಬಾಯಿಯ ಹತ್ತಿರ ಇದ್ದರೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಗ್ರಹಣದ ದಿನ ಈಳಿಗೆ ಮುಟ್ಟಿದ್ದಕ್ಕೆ ಮಚ್ಚೆ ಬಂತು ಎಂದು ಬಸುರಿಯಾಗಿದ್ದವಳ ಮೇಲೆ ತಪ್ಪು ಹೊರಿಸಬೇಡಿ. ಈಗಷ್ಟೇ ಹೆತ್ತ ಹೆಣ್ಣುಮಗಳ ತಲೆಯ ಮೇಲೆ ಇಲ್ಲದ ಪಾಪ ಹೇರಿದಂತಾಗುತ್ತದೆ.

ಬೆವರುಸಾಲೆ

ನಮ್ಮ ಮೂರು ಜಿಲ್ಲೆಗಳ ಕೂಸುಗಳಿಗೆ ಇದು ದೊಡ್ಡ ಕಾಟ. ಎಳೆಗೂಸಿನ ಬೆವರಿನ ನಾಳಗಳು ಇನ್ನೂ ಪೂರ್ತಿ ತೆರೆದಿರುವುದಿಲ್ಲ, ಬೆವರು ಹೊರಬರಲಾರದೆ ಚರ್ಮದೊಳಗೆ ನಿಂತು ಗುಳ್ಳೆಯಾಗುತ್ತದೆ. ಹಣೆ, ಕತ್ತು, ಎದೆ, ಬೆನ್ನು, ಬಟ್ಟೆ ಬಿಗಿಯಾದಲ್ಲೆಲ್ಲ ಸಣ್ಣ ಸಣ್ಣ ಗುಳ್ಳೆ. ಏಪ್ರಿಲ್‌ನಲ್ಲಿ ಪತ್ರಾಸಿನ ಮನೆಯೊಳಗೆ, ಬಾಗಿಲು ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಟ್ಟು, ಕೂಸಿಗೆ ಉಲ್ಲನ್ ಕುಲಾಯಿ, ಕಾಲುಚೀಲ ಹಾಕಿ ಕೌದಿ ಸುತ್ತಿದರೆ ಗುಳ್ಳೆ ಏಳದೆ ಇನ್ನೇನು? ಬಾಣಂತಿ ಕೋಣೆ ಬೆಚ್ಚಗಿರಬೇಕೆಂಬ ರೂಢಿ ಚಳಿಗಾಲಕ್ಕೆ ಸರಿ. ಬೇಸಿಗೆಯಲ್ಲಿ ಅದೇ ರೂಢಿಯಿಂದ ಕೂಸಿಗೆ ಜ್ವರ ಬಂದಂತೆ ಮೈ ಸುಡುತ್ತದೆ.

ಮಾಡಬೇಕಾದದ್ದು ಇಷ್ಟು. ಎದುರುಬದುರು ಕಿಟಕಿ ತೆರೆಯಿರಿ. ಫ್ಯಾನ್ ಹಾಕಿ, ಕೂಲರ್ ಇದ್ದರೆ ಅದನ್ನೂ ಹಾಕಿ, ಗಾಳಿ ನೇರ ಕೂಸಿನ ಮುಖಕ್ಕೆ ಬೀಳದಂತೆ ತಿರುಗಿಸಿ. ಒಂದೇ ಪದರ ತೆಳು ಹತ್ತಿ ಬಟ್ಟೆ, ಹಳೆಯ ಧೋತರ ಅಥವಾ ಸೀರೆ ಹರಿದು ಹೊಲಿದ ಅಂಗಿ ಎಲ್ಲಕ್ಕಿಂತ ಮೇಲು. ಮನೆಯೊಳಗೆ ಕುಲಾಯಿ ತೆಗೆಯಿರಿ. ಕೂಸಿಗೆ ಸೆಕೆಯೋ ಚಳಿಯೋ ಎಂದು ಕೈಕಾಲು ಮುಟ್ಟಿ ತಿಳಿಯುವುದಿಲ್ಲ. ಹಿಂಗತ್ತಿಗೆ ಬೆರಳಿಟ್ಟು ನೋಡಿ. ಅಲ್ಲಿ ಬೆವರು ಜಿನುಗಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ಗುಳ್ಳೆಯ ಮೇಲೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಆಗಾಗ ಒತ್ತಿ, ಆರಲು ಬಿಡಿ. ಮೈ ತಂಪಾದರೆ ಎರಡು ಮೂರು ದಿನದಲ್ಲಿ ಇಳಿಯುತ್ತವೆ.

ಪೌಡರು ಹಾಕಬೇಡಿ. ಬೆವರಿಗೆ ಬೆರೆತು ಮಡಿಕೆಗಳಲ್ಲಿ ಗಟ್ಟಿಕಟ್ಟುತ್ತದೆ, ಹಾರಿದ ಪುಡಿ ಕೂಸಿನ ಉಸಿರಿಗೆ ಹೋಗುತ್ತದೆ. ಬೋರಿಕ್ ಪೌಡರು ಇನ್ನೂ ಅಪಾಯ, ಚರ್ಮದಿಂದ ಒಳಗೆ ಸೇರಿ ವಿಷವಾಗುತ್ತದೆ. ಬಿಸಿಲೆಂದು ಕೂಸಿಗೆ ನೀರು, ಸಕ್ಕರೆ ನೀರು ಕುಡಿಸುವುದೂ ಬೇಡ. ಎದೆಹಾಲಿನಲ್ಲಿ ಶೇಕಡ 88ರಷ್ಟು ನೀರೇ ಇದೆ. ಆರು ತಿಂಗಳವರೆಗೆ ರಾಯಚೂರಿನ ಬಿಸಿಲಿಗೂ ಅದು ಸಾಕು. ಹೆಚ್ಚು ಸಲ ಕುಡಿಸಿ, ನೀರನ್ನು ತಾಯಿಗೆ ಕೊಡಿ.

ಹೊಲದಿಂದ ಬಂದ ಕೈ, ಟ್ರಂಕಿನಿಂದ ಬಂದ ಬಟ್ಟೆ

ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಸಿರುಗುಪ್ಪ, ಕುರುಗೋಡು, ರಾಯಚೂರು ಕಡೆ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಆ ಕೈಯಲ್ಲಿ ಕೂಸನ್ನು ಎತ್ತಿಕೊಂಡರೆ ಕೆನ್ನೆ, ಕಣ್ಣು ಉರಿದು ಕೂಸು ಕಿರುಚಿ ಅಳುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಮೆಣಸಿನಕಾಯಿಯ ಖಾರ ಬರೀ ನೀರಿಗೆ ಹೋಗದು, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಅಡುಗೆ ಎಣ್ಣೆ ತೀಡಿ, ಆಮೇಲೆ ಉಗುರಿನ ಸಂದಿವರೆಗೆ ಸೋಪಿನಲ್ಲಿ ಎರಡು ಸಲ ತೊಳೆಯಿರಿ. ಹತ್ತಿ, ಭತ್ತಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದು ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲೆಯೇ ಕೂಸನ್ನು ಮುಟ್ಟಬೇಕು. ಆ ಬಟ್ಟೆಯನ್ನು ಕೂಸಿನ ಬಟ್ಟೆಯ ಜೊತೆ ಒಗೆಯಬಾರದು. ಸಂಡೂರಿನ ಅದಿರಿನ ಕೆಂಧೂಳಿ, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಕಾಣುವ ಊರುಗಳಲ್ಲಿ ಲಂಗೋಟಿಗಳನ್ನು ಬಿಸಿಲು ಬೀಳುವ ಕಿಟಕಿಯ ಒಳಗೇ ಒಣಹಾಕಿ.

ಅಣ್ಣನ, ಅಕ್ಕನ ಮಗುವಿನ ಹಳೆಯ ಅಂಗಿ ಟ್ರಂಕಿನಿಂದ ತೆಗೆದು ಹಾಕುವುದು ಒಳ್ಳೆಯದೇ, ಮೆತ್ತಗಿರುತ್ತವೆ. ಆದರೆ ಟ್ರಂಕಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಎಚ್ಚರ. ಕೆಲವು ಕೂಸುಗಳ ರಕ್ತದಲ್ಲಿ ಹುಟ್ಟಿನಿಂದ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥವು ನುಸಿಗುಳಿಗೆಯ ವಾಸನೆ ಹಿಡಿದ ಬಟ್ಟೆ ತೊಟ್ಟರೆ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಕೂಸಿನ ಬಟ್ಟೆಗೆ ಗುಳಿಗೆ ಹಾಕುವುದನ್ನೇ ಬಿಡಿ.

ಹಳದಿ ಬಣ್ಣ

ದಿನ ತುಂಬಿದ ಕೂಸುಗಳಲ್ಲಿ ನೂರಕ್ಕೆ ಅರವತ್ತಕ್ಕೆ ಎರಡನೇ ಮೂರನೇ ದಿನದಿಂದ ಮೈ ಹಳದಿಯಾಗುತ್ತದೆ, ಎರಡು ವಾರದಲ್ಲಿ ಇಳಿಯುತ್ತದೆ. ಹಗಲು ಬೆಳಕಿನಲ್ಲಿ ಹಣೆ, ಎದೆ, ತೊಡೆ, ಅಂಗಾಲನ್ನು ಬೆರಳಿನಿಂದ ಒತ್ತಿ ಬಿಟ್ಟು ಆ ಜಾಗದ ಬಣ್ಣ ನೋಡಿ. ಹಳದಿ ಮುಖದಿಂದ ಶುರುವಾಗಿ ಕೆಳಗಿಳಿಯುತ್ತದೆ. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಕೂಸು ಮಂಕಾಗಿ ಹಾಲು ಬಿಟ್ಟರೆ, ಎರಡು ವಾರ ದಾಟಿದರೂ ಇಳಿಯದಿದ್ದರೆ ತಡಮಾಡಬೇಡಿ. ಬೆಳಗಿನ ಬಿಸಿಲಿಗೆ ಹಿಡಿದರೆ ವಾಸಿಯಾಗುವ ಹಂತವಲ್ಲ ಅದು. ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಹಾಗೆಯೇ ಬಿಟ್ಟರೆ ಮಿದುಳಿಗೂ ಕಿವಿಗೂ ಶಾಶ್ವತ ಪೆಟ್ಟು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾಮಾಲೆಗೆ, ಹೊಟ್ಟೆ ಉಬ್ಬರಕ್ಕೆ, ಜ್ವರಕ್ಕೆ ಕಾದ ಸೂಜಿ, ಬಳೆ, ಊದುಬತ್ತಿಯಿಂದ ಕೂಸಿಗೆ ಬರೆ ಹಾಕುವುದು ನಮ್ಮ ಸೀಮೆಯಲ್ಲಿ ಇನ್ನೂ ನಿಂತಿಲ್ಲ. ಬರೆ ಯಾವ ರೋಗವನ್ನೂ ತೆಗೆಯುವುದಿಲ್ಲ. ಸುಟ್ಟ ಗಾಯದಿಂದ ರೋಗಾಣು ರಕ್ತಕ್ಕಿಳಿದು ಕೂಸಿನ ಜೀವವೇ ಹೋಗಬಹುದು. ಹಿರಿಯರು ಎಷ್ಟೇ ಒತ್ತಾಯಿಸಲಿ, ಕೂಸನ್ನು ಎತ್ತಿಕೊಂಡು ಎದ್ದುಬಿಡಿ. ಆಗಲೇ ಬರೆ ಹಾಕಿದ್ದರೆ ಬಚ್ಚಿಡದೆ ವೈದ್ಯರಿಗೆ ತೋರಿಸಿ.

ಲಂಗೋಟಿ, ಡೈಪರ್

ಒದ್ದೆಯಾದ ಕೂಡಲೇ ಬದಲಿಸಿ, ಬರೀ ನೀರಲ್ಲಿ ತೊಳೆದು ಒತ್ತಿ ಒರೆಸಿ. ದಿನಕ್ಕೆ ಕೆಲವು ಹೊತ್ತು ಏನೂ ಕಟ್ಟದೆ ಬಿಡಿ. ಕೆಂಪಾಗಿದ್ದರೆ ಜಿಂಕ್ ಆಕ್ಸೈಡ್ ಇರುವ ಕ್ರೀಮನ್ನು ದಪ್ಪಗೆ ಹಚ್ಚಿ. ಮೂರು ದಿನಕ್ಕೂ ಇಳಿಯದೆ, ತೊಡೆಸಂದಿನ ಮಡಿಕೆಯೊಳಗೂ ಕಡುಕೆಂಪಾಗಿ ಸುತ್ತ ಬಿಡಿ ಚುಕ್ಕೆಗಳಿದ್ದರೆ ಅದು ಶಿಲೀಂಧ್ರದ ಸೋಂಕು, ವೈದ್ಯರು ಬೇರೆ ಮುಲಾಮು ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ, ಎರಡು ದಿನಕ್ಕೆ ಕೆಂಪು ಇಳಿಸುವ ಟ್ಯೂಬ್‌ಗಳಲ್ಲಿ ಹೆಚ್ಚಾಗಿ ಸ್ಟೀರಾಯ್ಡ್ ಇರುತ್ತದೆ. ಡೈಪರ್ ಅಡಿಯಲ್ಲಿ ಅದು ಬೇಗ ರಕ್ತಕ್ಕೆ ಸೇರುತ್ತದೆ, ಚರ್ಮ ತೆಳ್ಳಗಾಗುತ್ತದೆ, ಸೋಂಕು ಒಳಗೊಳಗೇ ಬೆಳೆಯುತ್ತದೆ. ಮನೆಮಂದಿಗೆಲ್ಲ ಕೆರೆತವಿದ್ದು ಕೂಸಿನ ಅಂಗೈ ಅಂಗಾಲಿಗೂ ಗುಳ್ಳೆ ಬಂದರೆ ಕಜ್ಜಿ ಇರಬಹುದು. ಎಲ್ಲರೂ ಒಂದೇ ದಿನ ಮದ್ದು ಹಚ್ಚಬೇಕು, ಕೂಸಿನದ್ದನ್ನು ವೈದ್ಯರೇ ಹೇಳಬೇಕು.

ಯಾವಾಗ ಹೊರಡಬೇಕು

ಕೀವು ತುಂಬಿದ ಗುಳ್ಳೆಗಳನ್ನು ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಹತ್ತು ಅಥವಾ ಹೆಚ್ಚು ಇದ್ದರೆ, ಇಲ್ಲವೇ ಒಂದೇ ಆದರೂ ದೊಡ್ಡ ಕುರು ಇದ್ದರೆ ದೊಡ್ಡ ಆಸ್ಪತ್ರೆ. ಜೊತೆಗೆ ಇವುಗಳಲ್ಲಿ ಒಂದೇ ಒಂದು ಕಂಡರೂ ರಾತ್ರಿಯೆಂದು ಕಾಯಬೇಡಿ: ಹಾಲು ಕುಡಿಯದಿರುವುದು, ಎಬ್ಬಿಸಿದರೂ ಮಿಸುಕಾಡದಿರುವುದು, ಮೈ 37.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಅಥವಾ 35.5ಕ್ಕಿಂತ ತಣ್ಣಗಿರುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆ ಒಳಸೆಳೆತ, ಫಿಟ್ಸ್, ತುಟಿ ನೀಲಿಯಾಗುವುದು, ನೀರುಗುಳ್ಳೆ ಎದ್ದು ಚರ್ಮ ಸುಲಿಯುವುದು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಕೂಸಿನ ಬಟ್ಟೆ ಪೂರ್ತಿ ಬಿಚ್ಚಿ ತೋರಿಸಿ, ಅವರ ಹತ್ತಿರ ಥರ್ಮಾಮೀಟರ್, ತೂಕದ ತಕ್ಕಡಿ ಇರುತ್ತದೆ. ಸಲಹೆ ಬೇಕಿದ್ದರೆ 104, ಗಾಡಿ ಬೇಕಿದ್ದರೆ 108. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವುಗಳಲ್ಲಿ ಮಕ್ಕಳ ವೈದ್ಯರಿದ್ದಾರೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕೂಸಿಗೆ ಒಂದು ವರ್ಷದವರೆಗೆ ಚಿಕಿತ್ಸೆ, ಔಷಧ, ಹೋಗಿಬರುವ ಗಾಡಿ ಉಚಿತ. ದುಡ್ಡಿಲ್ಲವೆಂದು ಹಿಂದೆಮುಂದೆ ನೋಡಬೇಕಿಲ್ಲ.

ಹೊರಡುವಾಗ ತಾಯಿ ಕಾರ್ಡು, ಅಲ್ಲಿಯವರೆಗೆ ಹಚ್ಚಿದ ಮುಲಾಮು, ಎಣ್ಣೆಯ ಡಬ್ಬಿ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ, ಏನು ಹಚ್ಚಿದಿರೆಂದು ವೈದ್ಯರಿಗೆ ನೋಡಿದರೆ ತಿಳಿಯುತ್ತದೆ. ಗುಳ್ಳೆಯ ಮೇಲೆ ಅರಿಶಿನ, ವಿಭೂತಿ ಬಳಿದು ಒಯ್ಯಬೇಡಿ, ಬಣ್ಣ ಕಾಣುವುದಿಲ್ಲ. ಲಿಂಗಸೂಗೂರು, ಕುಷ್ಟಗಿಯಂಥ ಕಡೆಯಿಂದ ಜಿಲ್ಲಾ ಕೇಂದ್ರಕ್ಕೆ ಹೊರಟರೆ ದಾರಿ ದೂರ. ಕೂಸು ತಾಯಿಯ ಎದೆಗೆ ತಾಗಿಕೊಂಡೇ ಇರಲಿ, ಕುಡಿಯುವ ಶಕ್ತಿ ಇದ್ದರೆ ದಾರಿಯುದ್ದಕ್ಕೂ ಹಾಲು ಕುಡಿಸುತ್ತ ಹೋಗಿ.